ಕ್ರಾಕೋವಿನ ಸೊಸೆ, ಉದ್ಯಮಬಾಗದ ವಿಳಾಸ

ಮದುವೆಯಾದ ಹೆಣ್ಣುಮಗಳು ಗಂಡನ ಮನೆಯಲ್ಲಿ ಇರುವುದಕ್ಕೆ ಸರಕಾರದ ಅಪ್ಪಣೆ ಬೇಕು, ಆ ಅಪ್ಪಣೆಗೊಂದು ಕೊನೆಯ ದಿನಾಂಕವೂ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಮ್ಮವ್ವ ನಕ್ಕುಬಿಡುತ್ತಿದ್ದಳು. ಅವಳ ಲೆಕ್ಕ ಸರಳವಾಗಿತ್ತು. ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದವಳು ಆ ಮನೆಯವಳು. ನನ್ನ ತಮ್ಮನ ಮನೆಗೆ ಪೋಲೆಂಡ್ ದೇಶದ ಸೊಸೆ ಬಂದ ಮೇಲೆ ನಮಗೆ ಬೇರೆಯದೇ ಪಾಠವಾಯಿತು. ಸೇರು ಒದ್ದ ಮೇಲೆ ಹದಿನಾಲ್ಕು ದಿನದೊಳಗೆ ಹೆಸರು ಬರೆಸಬೇಕು, ವರ್ಷ ತುಂಬುವ ಮೊದಲು ಅವಧಿ ವಿಸ್ತರಿಸಿಕೊಳ್ಳಬೇಕು, ಅದಕ್ಕೆಲ್ಲ ಕಾಗದ ಬೇಕು. ಈಗ ನಮ್ಮ ಬೆಳಗಾವಿಯಲ್ಲೂ ಓಣಿಗೊಬ್ಬರಂತೆ ಹೊರದೇಶದಲ್ಲಿ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಅಲ್ಲಿಯೇ ಸಂಗಾತಿಯನ್ನು ಕಂಡುಕೊಳ್ಳುತ್ತಾರೆ. ಅಂಥ ಮನೆಗಳಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೂರನೇ ರೈಲ್ವೆ ಗೇಟು ದಾಟಿ ಖಾನಾಪುರ ರಸ್ತೆಯಲ್ಲಿ ಹೋದರೆ ಉದ್ಯಮಬಾಗ. ಫೌಂಡ್ರಿಗಳು, ಲೇತ್ ಮಶಿನ್ನುಗಳು, ಎರಕದ ಕರಿ ಉಸುಕಿನ ವಾಸನೆ. ನನ್ನ ತಮ್ಮ ಅಲ್ಲಿ ಒಂದು ಸಣ್ಣ ಮಶಿನ್ ಶಾಪ್ ನಡೆಸುತ್ತಾನೆ, ಮನೆಯೂ ಹತ್ತಿರದಲ್ಲೇ. ಅವನ ಮಗ ಇಲ್ಲಿಯೇ ಎಂಜಿನಿಯರಿಂಗ್ ಮುಗಿಸಿ, ಹೆಚ್ಚಿನ ಓದಿಗೆ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹೋದ. ಪೋಲೆಂಡೇ ಏಕೆ ಎಂದು ಎಲ್ಲರೂ ಕೇಳಿದರು. ಅಲ್ಲಿಯ ಎ.ಜಿ.ಎಚ್. ವಿಶ್ವವಿದ್ಯಾಲಯದಲ್ಲಿ ಎರಕದ ವಿದ್ಯೆಗೆಂದೇ ಒಂದು ಪ್ರತ್ಯೇಕ ವಿಭಾಗವಿದೆ. ಫೌಂಡ್ರಿಯ ಊರಿನ ಹುಡುಗನಿಗೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಓದು ಮುಗಿದು ಕೆಲಸ ಸಿಕ್ಕಿತು. 2021ರ ಜುಲೈನಲ್ಲಿ ಅಲ್ಲಿಯ ನೋಂದಣಿ ಕಚೇರಿಯಲ್ಲಿ ಮದುವೆಯೂ ಆಯಿತು. ನಾವೆಲ್ಲ ಮೊಬೈಲಿನಲ್ಲಿ ಅಕ್ಷತೆ ಹಾಕಿದೆವು.

ಮೊದಲು ಪರದೇಶಿಯಾದವನು ನಮ್ಮ ಹುಡುಗನೇ. ಪೋಲೆಂಡಿನವಳನ್ನು ಮದುವೆಯಾದ ಹೊರದೇಶದವನು ಅಲ್ಲಿ ತಾತ್ಕಾಲಿಕ ವಾಸದ ಕಾರ್ಡಿಗೆ ಅರ್ಜಿ ಹಾಕಬೇಕು. ಅದನ್ನು ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಡುತ್ತಾರೆ. ಕಚೇರಿಯವರು ಗಂಡ-ಹೆಂಡತಿಯನ್ನು ಬೇರೆ ಬೇರೆ ಕೂಡಿಸಿ ಕೇಳಿದರಂತೆ: ಮನೆಯ ಅಡುಗೆ ಯಾರು ಮಾಡುತ್ತಾರೆ, ಅತ್ತೆಯ ಹುಟ್ಟುಹಬ್ಬ ಯಾವಾಗ, ಕಳೆದ ಭಾನುವಾರ ಎಲ್ಲಿಗೆ ಹೋಗಿದ್ದಿರಿ? ಮದುವೆ ಬರೀ ಕಾಗದದ ಮೇಲಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಗಡಿ ಕಾವಲಿನವರು ಮನೆಗೆ ಬಂದು ನೋಡುವುದೂ ಉಂಟು. ಫೋನಿನಲ್ಲಿ ಇದನ್ನು ಕೇಳಿ ನನ್ನ ತಮ್ಮನಿಗೆ ಸಿಟ್ಟು ಬಂತು. "ನಮ್ಮ ಹುಡುಗನ್ನ ಕಳ್ಳನಂಗ ಕೇಳ್ತಾರೇನು?" ಎಂದ. ಒಂದೂವರೆ ವರ್ಷದೊಳಗೆ ಅದೇ ಪ್ರಶ್ನೆಗಳು ನಮ್ಮ ಓಣಿಗೂ ಬರಲಿವೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷದ ದೀಪಾವಳಿಯ ಮುಂದೆ ತಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು. ಮಶಿನ್ ಶಾಪ್ ನೋಡುವವರು ಇಲ್ಲವಾದರು. ಮಗ ಹೆಂಡತಿಯೊಡನೆ ಊರಿಗೆ ಬರುವುದೆಂದು ನಿರ್ಧಾರವಾಯಿತು. ಅವನು ಭಾರತದ ಪಾಸ್‌ಪೋರ್ಟಿನವನು, ಟಿಕೆಟ್ ತೆಗೆದರೆ ಸಾಕು. ಅವಳು ವಾರ್ಸಾದಲ್ಲಿರುವ ನಮ್ಮ ರಾಯಭಾರ ಕಚೇರಿಯ ಮೂಲಕ ವೀಸಾ ಪಡೆಯಬೇಕಾಯಿತು. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಕೊಡುವುದು 'ಎಂಟ್ರಿ ವೀಸಾ', ಎಕ್ಸ್ ಅಕ್ಷರದ್ದು. ಅವಳಿಗೆ ಒಂದು ವರ್ಷದ್ದು ಸಿಕ್ಕಿತು. 2022ರ ಜನವರಿ ಎರಡನೇ ವಾರ ಇಬ್ಬರೂ ಬಂದಿಳಿದರು. ಬಂದ ಹದಿನಾಲ್ಕು ದಿನದೊಳಗೆ ನೋಂದಣಿ ಆಗಬೇಕೆಂಬುದು ನಿಯಮ. ಹಿಂದೆ ಇದಕ್ಕಾಗಿ ಕಚೇರಿಗಳಿಗೆ ಅಲೆಯಬೇಕಿತ್ತು. 2018ರಿಂದ ಇ-ಎಫ್‌ಆರ್‌ಆರ್‌ಒ ಎಂಬ ವ್ಯವಸ್ಥೆ ಬಂದಿದೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಅರ್ಜಿ ತುಂಬಬಹುದು. ಬೆಂಗಳೂರಿನಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಅಧಿಕಾರಿಯ ಕಚೇರಿ ಇದೆ. ಜಿಲ್ಲೆಗಳಲ್ಲಿ ಈ ಕೆಲಸ ಪೊಲೀಸ್ ಇಲಾಖೆಯದು.

ಹೊಸ ಸೊಸೆ ಮನೆಗೆ ಹೊಂದಿಕೊಂಡ ಬಗೆ ಹೇಳದಿದ್ದರೆ ಈ ಕಥೆ ಬರೀ ಅರ್ಜಿಯ ಕಥೆಯಾದೀತು. ನಮ್ಮ ಮನೆಮಾತು ಕನ್ನಡ, ಪಕ್ಕದ ಮನೆಯವರದು ಮರಾಠಿ, ಗಂಡ-ಹೆಂಡತಿ ತಮ್ಮೊಳಗೆ ಆಡುವುದು ಇಂಗ್ಲಿಷ್. ಪೋಲಿಷ್ ಭಾಷೆಯಲ್ಲಿ 'ಹೌದು' ಎನ್ನುವುದಕ್ಕೆ 'ತಾಕ್' ಎನ್ನುತ್ತಾರೆ. ಮರಾಠಿಯಲ್ಲಿ ತಾಕ್ ಎಂದರೆ ಮಜ್ಜಿಗೆ. ಪಕ್ಕದ ಮನೆಯ ಆಜಿ ಬಂದು "ಚೆನ್ನಾಗಿದ್ದೀಯಾ?" ಎಂದು ಕೈಸನ್ನೆ ಮಾಡಿ ಕೇಳಿದರೆ ಇವಳು ನಗುತ್ತ "ತಾಕ್, ತಾಕ್" ಎನ್ನುವಳು. ಆಜಿ ಓಡಿಹೋಗಿ ಒಂದು ತಂಬಿಗೆ ಮಜ್ಜಿಗೆ ತರುವಳು. ವಾರಗಟ್ಟಲೆ ಹೀಗೆ ನಡೆಯಿತು. ಪಾಪ, ಇವಳು ಈ ದೇಶದ ಪದ್ಧತಿಯೇ ಹೀಗಿರಬೇಕೆಂದು ಎಲ್ಲವನ್ನೂ ಕುಡಿದಳು. ಅವರ ಭಾಷೆಯಲ್ಲಿ 'ಮಾಮಾ' ಎಂದರೆ ತಾಯಿ, 'ಬಾಬಾ' ಎಂದರೆ ಮುದುಕಿ. ನಮ್ಮಲ್ಲಿ ಮಾಮಾ, ಬಾಬಾ ಇಬ್ಬರೂ ಮೀಸೆ ಹೊತ್ತ ಗಂಡಸರು. ತಾಯಿಯ ಜೊತೆ ಫೋನಿನಲ್ಲಿ ಅವಳು "ಮಾಮಾ, ಮಾಮಾ" ಎನ್ನುವಾಗ ಓಣಿಯ ಮಕ್ಕಳು ಕಿಟಕಿಯಲ್ಲಿ ನಿಂತು ನಗುತ್ತಿದ್ದವು. ಆರು ತಿಂಗಳಲ್ಲಿ ಅವಳು ರೊಟ್ಟಿ ಬಡಿಯುವುದನ್ನು ಕಲಿತಳು. ದುಂಡಗೆ ಬರಲಿಲ್ಲ, ಮೆತ್ತಗೆ ಬಂತು. ಮಾವನ ಸೋತ ಕೈಗೆ ದಿನಕ್ಕೆರಡು ಸಲ ವ್ಯಾಯಾಮ ಮಾಡಿಸುತ್ತಿದ್ದವಳು ಅವಳೇ.

ಪೋಲೆಂಡ್ ನಮಗೆ ಅಷ್ಟು ದೂರದ್ದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡ ಸುಮಾರು ಐದು ಸಾವಿರ ಪೋಲಿಷ್ ಜನ, ಬಹುತೇಕ ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಕೊಲ್ಲಾಪುರದ ಹತ್ತಿರದ ವಳಿವಡೆಯಲ್ಲಿ ಬಿಡಾರ ಹೂಡಿದ್ದರು. ಅಲ್ಲಿ ಅವರ ಶಾಲೆ, ಚರ್ಚು, ಅಂಗಡಿಗಳೆಲ್ಲ ಇದ್ದವು. ಯುದ್ಧ ಮುಗಿದ ಮೇಲೆ ಎಲ್ಲರೂ ಚದುರಿಹೋದರು. ಇಲ್ಲಿಯವರನ್ನೇ ಮದುವೆಯಾಗಿ ಉಳಿದ ಹೆಣ್ಣುಮಕ್ಕಳೂ ಇದ್ದರು. ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಅವರ ನೆನಪಿನ ಸ್ತಂಭವಿದೆ. ವಾರ್ಸಾದಲ್ಲಿಯೂ ಕೊಲ್ಲಾಪುರದ ಹೆಸರಿನ ಸ್ಮಾರಕವಿದ್ದು, 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋಗಿ ನಮಿಸಿದ್ದರು. ಮಹಾಲಕ್ಷ್ಮಿಯ ದರ್ಶನಕ್ಕೆ ಹೋದಾಗ ಸೊಸೆಯನ್ನು ಆ ಉದ್ಯಾನಕ್ಕೂ ಕರೆದುಕೊಂಡು ಹೋಗಿದ್ದೆವು. ತನ್ನ ಲಿಪಿಯನ್ನು ಅಲ್ಲಿ ಕಂಡು ಅವಳು ಬಹಳ ಹೊತ್ತು ಸುಮ್ಮನೆ ನಿಂತಳು.

ಶ್ರಾವಣದ ಹೊತ್ತಿಗೆ ಅವಳು ಬಸುರಿ ಎಂಬ ಸುದ್ದಿ ಗಟ್ಟಿಯಾಯಿತು. ಹೆರಿಗೆ 2023ರ ಫೆಬ್ರವರಿಯಲ್ಲಿ ಎಂದರು ಡಾಕ್ಟರು. ಮನೆಯಲ್ಲಿ ಹಬ್ಬ. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ವೀಸಾ ಮುಗಿಯುವುದು ಜನವರಿಯಲ್ಲಿ.

ಪೇಟೆಯಲ್ಲಿ ಇಂಥ ಅರ್ಜಿ ತುಂಬಿಸುವ ಒಬ್ಬನ ಬಳಿ ಹುಡುಗ ಹೋಗಿ ಬಂದ. "ಮದುವಿ ಆಗ್ಯಾಳ, ಮನ್ಯಾಗ ಅದಾಳ. ನಾಕ ದಿನಾ ಹೆಚ್ಚು-ಕಡಿಮಿ ಆದ್ರ ಯಾರ ಕೇಳ್ತಾರ್ರಿ? ಆಮೇಲೆ ದಂಡ ಕಟ್ಟಿದ್ರ ಆತು" ಎಂದನಂತೆ ಆ ಮನುಷ್ಯ. ಬ್ಯಾಂಕಿನ ಕೌಂಟರಿನಲ್ಲಿ ಮೂರೂವರೆ ದಶಕ ಕೂತ ನನಗೆ 'ನಾಕ ದಿನಾ ಹೆಚ್ಚು-ಕಡಿಮಿ' ಎಂಬ ಮಾತು ಕೇಳಿದರೆ ಕಿವಿ ನಿಮಿರುತ್ತವೆ. ಪೌರತ್ವ ಕಾಯ್ದೆಯ ಪುಸ್ತಕ ತರಿಸಿ ಓದಿದೆ.

ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಆಗಬೇಕಾದರೆ ತಂದೆ-ತಾಯಿ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಆ ಹೊತ್ತಿನಲ್ಲಿ 'ಅಕ್ರಮ ವಲಸಿಗ' ಆಗಿರಬಾರದು. ಅಕ್ರಮ ವಲಸಿಗ ಎಂದರೆ ಬೇಲಿ ಹಾರಿ ಬಂದವನಷ್ಟೇ ಅಲ್ಲ. ಸರಿಯಾದ ಕಾಗದ ಹಿಡಿದು ಬಂದು, ಅನುಮತಿಯ ಅವಧಿ ಮೀರಿ ಉಳಿದವನೂ ಆ ವ್ಯಾಖ್ಯೆಯೊಳಗೇ ಬರುತ್ತಾನೆ. ಅಂದರೆ ದಂಡ ಕಟ್ಟಿ ಮುಗಿಸುವ ಮಾತಲ್ಲ ಇದು. ತಾಯಿಯ ಕಾಗದ ಜನವರಿಯಲ್ಲಿ ಸತ್ತರೆ, ಫೆಬ್ರವರಿಯಲ್ಲಿ ಹುಟ್ಟುವ ಕೂಸಿನ ಪೌರತ್ವದ ಮೇಲೇ ಪ್ರಶ್ನೆ ಏಳಬಹುದಿತ್ತು. ಮೂರು ತಲೆಮಾರು ಬೆಳಗಾವಿಯ ನೀರು ಕುಡಿದ ಮನೆಯಲ್ಲಿ ಹುಟ್ಟುವ ಮಗು ಅದು. ಬೆಳಿಗ್ಗೆ ಎದ್ದು ತಮ್ಮನ ಮನೆಗೆ ಹೋಗಿ, "ಇವತ್ತಿನಿಂದ ಈ ಕೆಲಸ ನನ್ನದು" ಎಂದೆ.

ವಿಸ್ತರಣೆಗೆ ಬೇಕಾದವು ಮೇಲ್ನೋಟಕ್ಕೆ ಹೆಚ್ಚೇನಲ್ಲ. ಪಾಸ್‌ಪೋರ್ಟ್, ವೀಸಾ, ನೋಂದಣಿ ಪತ್ರ, ಭಾವಚಿತ್ರ, ಗಂಡ ಭಾರತೀಯ ಎಂಬುದಕ್ಕೆ ಆಧಾರ, ಮದುವೆಯ ಪ್ರಮಾಣಪತ್ರ, ವಾಸದ ಪುರಾವೆ, ಇವಳ ಹೊಣೆ ನನ್ನದು ಎಂದು ಗಂಡ ಬರೆದುಕೊಡುವ ಮುಚ್ಚಳಿಕೆ. ಆದರೆ ಒಂದೊಂದು ಕಾಗದವೂ ಒಂದೊಂದು ತಕರಾರು ತೆಗೆಯಿತು.

ಮೊದಲನೆಯದು ಹೆಸರು. ಪೋಲೆಂಡಿನಲ್ಲಿ ಅಪ್ಪನ ಅಡ್ಡಹೆಸರು 'ಸ್ಕಿ' ಎಂದು ಮುಗಿದರೆ ಮಗಳದು 'ಸ್ಕಾ' ಎಂದು ಮುಗಿಯುತ್ತದೆ. ನಮ್ಮ ಕಣ್ಣಿಗೆ ಅವು ಎರಡು ಬೇರೆ ಮನೆತನ. ಅಕ್ಷರಗಳ ಮೇಲೆ ಗೆರೆ, ಚುಕ್ಕೆ ಇರುತ್ತವೆ. ಇಲ್ಲಿಯ ಅರ್ಜಿಯಲ್ಲಿ ಅವನ್ನು ಬಿಟ್ಟೇ ಬರೆಯಬೇಕು. ನಮ್ಮ ಹುಡುಗನದೂ ಕಡಿಮೆಯೇನಲ್ಲ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಆಧಾರ್‌ನಲ್ಲಿ ಅಪ್ಪನ ಹೆಸರು ನಡುವೆ. ಮದುವೆಯ ಪ್ರಮಾಣಪತ್ರ ಪಾಸ್‌ಪೋರ್ಟಿನಂತೆಯೇ ಇದ್ದುದು ಪುಣ್ಯ. ಉಳಿದದ್ದಕ್ಕೆ, ಈ ಎಲ್ಲ ಹೆಸರಿನವರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆವು.

ಎರಡನೆಯದು ಮದುವೆಯ ಕಾಗದ. ಅದು ಪೋಲಿಷ್ ಭಾಷೆಯಲ್ಲಿತ್ತು. ಒಂದು ದೇಶದ ಸರಕಾರಿ ಕಾಗದವನ್ನು ಇನ್ನೊಂದು ದೇಶ ನಂಬಬೇಕಾದರೆ 'ಅಪೊಸ್ಟಿಲ್' ಎಂಬ ಮುದ್ರೆ ಬೇಕು. ಇದು ಹೇಗ್ ಒಪ್ಪಂದದ ಪದ್ಧತಿ; ಭಾರತ, ಪೋಲೆಂಡ್ ಎರಡೂ ಅದರಲ್ಲಿವೆ. ಕಾಗದ ಯಾವ ದೇಶದ್ದೋ ಆ ದೇಶವೇ ಮುದ್ರೆ ಒತ್ತಬೇಕು. ಹೊರಡುವ ಮೊದಲೇ ಹುಡುಗಿ ಮುದ್ರೆಯನ್ನೂ ಪ್ರಮಾಣಿತ ಇಂಗ್ಲಿಷ್ ಅನುವಾದವನ್ನೂ ಮಾಡಿಸಿ ತಂದಿದ್ದಳು. ಇಲ್ಲಿ ಬಂದ ಮೇಲೆ ನೆನಪಾಗಿದ್ದರೆ ಮತ್ತೆ ಕ್ರಾಕೋವಿಗೆ ಕಳಿಸಿ ತರಿಸುವಷ್ಟರಲ್ಲಿ ತಿಂಗಳುಗಳೇ ಹೋಗುತ್ತಿದ್ದವು.

ಮೂರನೆಯದು ವಿಳಾಸ. ಮನೆಯ ಕರೆಂಟ್ ಬಿಲ್ಲು ಇನ್ನೂ ನಮ್ಮ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ತಿಂಗಳಿಗೊಮ್ಮೆ ಅವರ ಹೆಸರು ಮನೆಗೆ ಬರುತ್ತದಲ್ಲ ಎಂಬ ಪ್ರೀತಿಯಿಂದ ಯಾರೂ ಬದಲಿಸಿರಲಿಲ್ಲ. ಅಜ್ಜನ ಬಿಲ್ಲಿನಿಂದ ಮೊಮ್ಮಗನ ಹೆಂಡತಿಯ ವಾಸ ಸಿದ್ಧವಾಗಲು ನಡುವೆ ಎರಡು ಕೊಂಡಿ ಬೇಕಾದವು. ಮನೆಯ ಆಸ್ತಿ ದಾಖಲೆ, ಅಪ್ಪನ ಮರಣ ಪ್ರಮಾಣಪತ್ರ, ತಮ್ಮನ ಒಪ್ಪಿಗೆ ಪತ್ರ, ಹುಡುಗನ ಆಧಾರ್ ಎಲ್ಲ ಜೋಡಿಸಿದೆವು. ತಮ್ಮ ಎಡಗೈಯಿಂದ ಸಹಿ ಮಾಡಲು ಒಂದು ವಾರ ಅಭ್ಯಾಸ ಮಾಡಿದ. ಎದುರಿಗೆ ಕೂತು ಕಲಿಸಿದವಳು ಅದೇ ಸೊಸೆ.

ನವೆಂಬರಿನ ನಡುವೆ ಅರ್ಜಿ ಹೋಯಿತು. ಒಂದೆರಡು ಸಲ ಸ್ಪಷ್ಟನೆ ಕೇಳಿ ಸಂದೇಶ ಬಂತು, ಉತ್ತರಿಸಿದೆವು. ಡಿಸೆಂಬರಿನಲ್ಲಿ ಠಾಣೆಯಿಂದ ಒಬ್ಬ ಪೇದೆ ವಿಚಾರಣೆಗೆ ಬಂದ. ಇಂಥ ಅರ್ಜಿಯಲ್ಲಿ ಗಂಡ-ಹೆಂಡತಿ ನಿಜವಾಗಿ ಕೂಡಿ ಬಾಳುತ್ತಿದ್ದಾರೆಯೇ ಎಂದು ಸ್ಥಳದಲ್ಲಿ ವಿಚಾರಿಸಿ ವರದಿ ಕೊಡುವ ಪದ್ಧತಿ ಇದೆ. ಆತ ಮನೆಗೆ ಬರುವ ಮೊದಲು ತಿರುವಿನಲ್ಲಿರುವ ಕಿರಾಣಿ ಅಂಗಡಿಯಲ್ಲಿ ನಿಂತು ಕೇಳಿದ. ಅಂಗಡಿಯ ಅಕ್ಕ ಆಮೇಲೆ ನಮಗೆ ಅದನ್ನು ಹತ್ತು ಸಲ ಹೇಳಿದ್ದಾಳೆ.

"ಇಲ್ಲೆ ಯಾರರ ಫಾರಿನ್ ಹೆಣ್ಮಗಳು ಇರ್ತಾಳೇನ್ರಿ?"

"ಫಾರಿನ್ ಯಾರೂ ಇಲ್ರಿ ಈ ಓಣ್ಯಾಗ."

ಪೇದೆ ತನ್ನ ಕಾಗದ ನೋಡಿ, ಎತ್ತರದವಳು, ಬೆಳ್ಳಗಿನವಳು, ಮಶಿನ್ ಶಾಪಿನವರ ಸೊಸೆ ಎಂದು ವಿವರಿಸಿದ.

"ಅಯ್ಯ, ನಮ್ಮ ವೈನೀನ ಕೇಳಾಕತ್ತೀರೇನು? ಹಂಗ ಹೇಳ್ರಲ್ಲ! ಎರಡ ಮನಿ ಬಿಟ್ಟು ನೋಡ್ರಿ."

"ಗಂಡ-ಹೆಂಡತಿ ಕೂಡಿ ಇರ್ತಾರೇನ್ರಿ?"

"ಅಕಿಗೆ ಈಗ ಏಳು ತುಂಬ್ಯಾವ್ರಿ. ಹ್ವಾದ ವಾರ ಕುಬಸಕ್ಕ ನಾನೂ ಉಂಡ ಬಂದೀನಿ. ಇನ್ನೇನ ಬರಕೋತೀರಿ ಬರಕೋರಿ."

ಪೇದೆ ನಗುತ್ತ ಮನೆಗೆ ಬಂದ. ಕುಬಸದ ಫೋಟೋ ನೋಡಿದ. ಹಸಿರು ಸೀರೆ, ಹಸಿರು ಬಳೆ, ಸುತ್ತ ಕನ್ನಡ-ಮರಾಠಿ ಹೆಂಗಸರು. ಅವಳಿಗೇ ನೇರವಾಗಿ, "ಏನಮ್ಮ, ಇಲ್ಲಿ ತ್ರಾಸ ಏನರ ಐತೇನು?" ಎಂದು ಕೇಳಿದ. ಅವಳು "ಸೆಕೆ ಭಾಳ ಐತ್ರಿ" ಎಂದಳು. ಡಿಸೆಂಬರಿನ ಬೆಳಗಾವಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಕ್ರಾಕೋವಿನಲ್ಲಿ ತನ್ನ ಮಗನನ್ನು ಪ್ರಶ್ನಿಸಿದ್ದಕ್ಕೆ ಸಿಟ್ಟಾಗಿದ್ದ ತಮ್ಮ ಆ ದಿನ ಪೇದೆಗೆ ತಾನೇ ಚಹಾ ಹೇಳಿದ. ವಿಚಾರಿಸುವವನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಹಣಕ್ಕಾಗಿ ಸುಳ್ಳು ಮದುವೆ ಮಾಡಿಸುವವರೂ, ಮದುವೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕರೆತಂದು ಕೂಡಿಹಾಕುವವರೂ ಲೋಕದಲ್ಲಿ ಇದ್ದಾರೆ. "ತ್ರಾಸ ಐತೇನು" ಎಂದು ಅವಳನ್ನೇ ಕೇಳಿದ್ದು ನನಗೆ ಸರಿ ಎನಿಸಿತು.

ಆದರೂ ಕೇಳಿಸಿಕೊಳ್ಳುವವರಿಗೆ ನೋವಾಗುತ್ತದೆ. ಪೇದೆ ಹೋದ ಮೇಲೆ ಅವಳು, "ದೊಡ್ಡಪ್ಪ, ನಾನು ಈ ಮನೆಯವಳು ಅಂತ ಎಷ್ಟು ಸಲ ಹೇಳಬೇಕು?" ಎಂದಳು. ಆಗ ಅವಳಿಗೆ ನಮ್ಮ ಹಳ್ಳಿಯ ಒಬ್ಬ ಕಾಕುವಿನ ಸಂಗತಿ ಹೇಳಿದೆ. ನಾನು ಹುಟ್ಟಿದ್ದು ಖಾನಾಪುರ ತಾಲ್ಲೂಕಿನಲ್ಲಿ, ಘಟ್ಟದ ಅಂಚಿಗೆ. ಆ ಕಾಕುವಿನ ತವರು ಗೋವೆಯ ಕಡೆ. ಗೋವೆ ಆಗ ಪೋರ್ತುಗೀಸರದು, ಅಂದರೆ ಹೊರದೇಶ. ಕ್ಯಾಸಲ್ ರಾಕ್ ಸ್ಟೇಶನ್ನಿನಲ್ಲಿ ಸುಂಕದವರು ಗಂಟುಮೂಟೆ ಬಿಚ್ಚಿ ನೋಡುತ್ತಿದ್ದರಂತೆ. 1955ರಲ್ಲಿ ಗೋವಾ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಗಡಿ ಬಿಗಿಯಾಯಿತು, ರೈಲು ನಿಂತಿತು. ಬೆಟ್ಟದ ಆಚೆ ಇಳಿದರೆ ತವರು, ಹೋಗುವಂತಿಲ್ಲ. ಆ ನಡುವೆ ಅವಳ ತಾಯಿ ತೀರಿಕೊಂಡ ಸುದ್ದಿ ಎಷ್ಟೋ ದಿನ ತಡವಾಗಿ ಬಂತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದಾಗ ಊರೆಲ್ಲ ಪೇಡೆ ಹಂಚಿತು. ಕಾಕು ಮಾತ್ರ ಹಿತ್ತಿಲಲ್ಲಿ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ. ಅವಳಿಗೆ ಅರ್ಜಿ ಹಾಕುವ ದಾರಿಯೇ ಇರಲಿಲ್ಲ, ನಿನಗೆ ಇದೆ, ಅದಕ್ಕಾಗಿ ಈ ಕಾಗದಗಳ ಮೇಲೆ ಸಿಟ್ಟಾಗಬೇಡ ಎಂದೆ. ಅವಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಕಾಕು ಆಮೇಲೆ ತವರಿಗೆ ಹೋದಳೇ?" ಎಂದಳು. ಹೋದಳು, ಅಣ್ಣನ ಮಕ್ಕಳ ಗುರುತು ಸಿಗಲಿಲ್ಲವಂತೆ ಎಂದೆ.

ಡಿಸೆಂಬರ್ ಮುಗಿಯುವ ಮುಂಚೆ ವಿಸ್ತರಣೆ ಮಂಜೂರಾಯಿತು. ಫೆಬ್ರವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಜನನವನ್ನು ಇಪ್ಪತ್ತೊಂದು ದಿನದೊಳಗೆ ನೋಂದಾಯಿಸಬೇಕು. ನಾವು ಮೂರನೆಯ ದಿನವೇ ಕಾಗದ ಕೊಟ್ಟೆವು. ಈ ಸಲ ಹೆಸರಿನ ಕಾಗುಣಿತವನ್ನು ಮನೆಯವರೆಲ್ಲ ಎರಡೆರಡು ಸಲ ಓದಿ ನೋಡಿದ್ದೆವು. ಎರಡು ದೇಶದ ಪೌರತ್ವ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲವಾದ್ದರಿಂದ ಕೂಸಿಗೆ ಭಾರತದ ಪಾಸ್‌ಪೋರ್ಟ್ ಮಾತ್ರ ಮಾಡಿಸಿದೆವು.

ಆ ಜುಲೈಗೆ ಮದುವೆಗೆ ಎರಡು ವರ್ಷ ತುಂಬಿತು. ಭಾರತೀಯರ ವಿದೇಶಿ ಸಂಗಾತಿ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಮದುವೆ ನೋಂದಣಿಯಾಗಿ, ಅರ್ಜಿಯ ಮುಂಚಿನ ಎರಡು ವರ್ಷ ಅದು ಮುರಿಯದೆ ನಡೆದಿರಬೇಕು. 2015ರ ತಿದ್ದುಪಡಿ ಈ ದಾರಿಯನ್ನು ಸ್ಪಷ್ಟಪಡಿಸಿತು. ಆ ಕಾರ್ಡು ಬಂದ ಮೇಲೆ ವೀಸಾ, ಪೊಲೀಸ್ ನೋಂದಣಿ ಎರಡೂ ಬೇಡ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಮತದಾನ ಇಲ್ಲ, ಹೊಲ ಕೊಳ್ಳುವಂತಿಲ್ಲ. ಪೂರ್ತಿ ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲಿ ವಾಸಿಸಿ, ತನ್ನ ದೇಶದ ಪೌರತ್ವ ಬಿಡಬೇಕು. ಬಿಡಲು ಅವಳಿಗೆ ಮನಸ್ಸಿಲ್ಲ. ನಾವು ಕೇಳಲೂ ಇಲ್ಲ. ಒಸಿಐ ಸಿಕ್ಕ ಬೇಸಿಗೆಯಲ್ಲಿ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿ ಎರಡು ತಿಂಗಳಿದ್ದು ಬಂದಳು.

ಇಂಥ ಸೊಸೆಯೋ ಅಳಿಯನೋ ಬರಲಿರುವ ಮನೆಯವರಿಗೆ ನನ್ನ ಮಾತು ಇಷ್ಟೇ. ಮದುವೆಯ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ, ಅನುವಾದ ಎರಡನ್ನೂ ಆ ದೇಶ ಬಿಡುವ ಮೊದಲೇ ಮಾಡಿಸಿ. ಮದುವೆ ಇಲ್ಲಿಯೇ ಆಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನದ ನೋಟೀಸು ಇರುತ್ತದೆ. ವೀಸಾದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಎಲ್ಲ ಕಾಗದದಲ್ಲೂ ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ. ಕರೆಂಟ್ ಬಿಲ್ಲು ಬದುಕಿರುವವರ ಹೆಸರಿಗೆ ಬರಲಿ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಎರಡು ತಿಂಗಳು ಮುಂಚೆಯೇ ಕೆಲಸ ಹಿಡಿಯಿರಿ. ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿರುವುದರಿಂದ ಸರಕಾರದ ಅಧಿಕೃತ ತಾಣದಲ್ಲಿ ಈಗಿನ ನಿಯಮ ನೋಡಿಕೊಂಡೇ ಹೆಜ್ಜೆ ಇಡಿ. ಬಾಯಿಮಾತಿಗೆ "ಯಾರ ಕೇಳ್ತಾರ್ರಿ" ಎನ್ನುವವರ ಮಾತು ಕೇಳಬೇಡಿ.

ಒಸಿಐ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅವಳು ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಅದರ ಪ್ರತಿಯ ಜೊತೆಗೆ, ಮದುವೆ ಇನ್ನೂ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನೂ ಕೊಡಬೇಕು. ಪೋಲೆಂಡಿನ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಯುಷ್ಯ. ಅವಳದು ಮುಗಿಯುವ ದಿನವನ್ನು ನನ್ನ ಕಡತದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಆ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ ಎಂದು ಕಡತ ಎಲ್ಲಿದೆ ಎಂಬುದನ್ನು ಹುಡುಗನಿಗೂ ತೋರಿಸಿದ್ದೇನೆ.